ರಿವ್ಯೂಗೆ ರಿವ್ಯೂ ಮುಯ್ಯಿ ಕೇಳಿದ್ರೆ ಏನ್ ಮಾಡ್ಬೇಕು?

ಮದುವೆ ಮನೇಲಿ ಮುಯ್ಯಿ ಬರ್ಕೊಳ್ಳೋಕೆ ಅಂತ ಒಬ್ರು ನೋಟ್‌ಬುಕ್ ಹಿಡ್ಕೊಂಡು ಕೂತಿರ್ತಾರಲ್ಲ, ಯಾರು 501 ಹಾಕಿದ್ರು ಯಾರು 1001 ಹಾಕಿದ್ರು ಅಂತ, ಆಮೇಲೆ ಅವರ ಮನೆ ಮದುವೆ ಬಂದಾಗ ಅದೇ ಬುಕ್ ತೆಗೆದು ನೋಡಿ ವಾಪಸ್ ಹಾಕೋದು. ಆನ್‌ಲೈನಲ್ಲಿ ಮಾರೋರ ವಾಟ್ಸಾಪ್ ಗ್ರೂಪಲ್ಲಿ ರಿವ್ಯೂ ನಡೆಯೋದೂ ಥೇಟ್ ಹಂಗೇ. "ಅಕ್ಕಾ ಲಿಂಕ್ ಹಾಕಿ, ಫೈವ್ ಸ್ಟಾರ್ ಒತ್ತುತೀನಿ, ನಂದಕ್ಕೂ ಒತ್ಬಿಡಿ." ಆದ್ರೆ ಮುಯ್ಯಿ ದುಡ್ಡು ಎರಡು ಮನೆ ಮಧ್ಯೆನೇ ಓಡಾಡುತ್ತೆ, ಇಲ್ಲಿ ದುಡ್ಡು ಬಿಚ್ಚೋದು ಮೂರನೇಯವರು, ಅವರಿಗೆ ಈ ಬುಕ್ ಇರೋದೇ ಗೊತ್ತಿಲ್ಲ.

ನಾನೂ ಒತ್ತಿದೀನಿ, ಸುಳ್ಳು ಯಾಕೆ ಹೇಳ್ಲಿ. ನಾನು ಶೇಂಗಾ ಚಟ್ನಿಪುಡಿ ಮಾರೋಳು, ಗ್ರೂಪಲ್ಲಿ ಒಬ್ರು ತಲೆಗೆ ಹಾಕೋ ಎಣ್ಣೆ ಮಾಡ್ತಿದ್ರು, ಬಾಟ್ಲಿ ಮುಚ್ಚಳನೂ ತೆಗೀದೆ "ಕೂದಲು ಉದುರೋದು ನಿಂತೋಯ್ತು" ಅಂತ ಬರೆದೆ. ನನ್ನ ಹತ್ರ ಯಾವಾಗ್ಲೂ ಪುಡಿ ತಗೊಳ್ಳೋ ಒಬ್ಬ ಅಮ್ಮ ಅದನ್ನ ನೋಡಿ ಎಣ್ಣೆ ತರಿಸಿ, "ನೀವ್ ಹೇಳಿದ್ರಿ ಅಂತ ತಗೊಂಡೆ ಕಣಮ್ಮ, ಕಮಟು ವಾಸನೆ" ಅಂತ ಮೆಸೇಜ್ ಹಾಕಿದ್ರು. ಏನಂತ ಉತ್ತರ ಕೊಡ್ಲಿ?

ಆವತ್ತಿಂದ ನಾನು ಮಾಡೋದು ಹೀಗೆ. ಅಮೆಜಾನ್ ಥರ ಮಾರ್ಕೆಟ್‌ಪ್ಲೇಸಲ್ಲಾಗ್ಲಿ ಗೂಗಲ್ ಮ್ಯಾಪಲ್ಲಾಗ್ಲಿ ಪರಿಚಯದ ಮಾರಾಟಗಾರರಿಗೆ ಸ್ಟಾರ್ ಕೊಡೋದೇ ಇಲ್ಲ, ವಸ್ತು ನಿಜವಾಗ್ಲೂ ಚೆನ್ನಾಗಿದ್ರೂ ಇಲ್ಲ. ಅಲ್ಲಿ ಓದೋರು ನಿಮ್ಮನ್ನ ಬರೀ ಗಿರಾಕಿ ಅಂದ್ಕೊಂಡಿರ್ತಾರೆ. ಅಮೆಜಾನ್ ರೂಲ್ಸಲ್ಲಿ ರಿವ್ಯೂ ಅದಲು ಬದಲು ಮಾಡೋ ಹಂಗಿಲ್ಲ, ಮನೆಯವರು ಹತ್ತಿರದ ಫ್ರೆಂಡ್ಸು ಬರೆಯೋ ಹಂಗೂ ಇಲ್ಲ. ನಮ್ಮ ದೇಶದ 2020ರ ಇ-ಕಾಮರ್ಸ್ ನಿಯಮದಲ್ಲೂ ಮಾರೋರು ಗ್ರಾಹಕರ ವೇಷ ಹಾಕಿ ರಿವ್ಯೂ ಬರೀಬಾರ್ದು ಅಂತ ನೇರವಾಗೇ ಇದೆ. 2022ರಲ್ಲಿ ವಸ್ತುಗಳ ಗುಣಮಟ್ಟಕ್ಕೆ ಮಾನದಂಡ ಮಾಡೋ ಸರ್ಕಾರಿ ಸಂಸ್ಥೆ ಬಿಐಎಸ್‌ನವರು ಆನ್‌ಲೈನ್ ರಿವ್ಯೂಗೇ ಅಂತ ಐಎಸ್ 19000 ಅನ್ನೋ ಸ್ಟ್ಯಾಂಡರ್ಡೂ ತಂದ್ರು. ಅಮೆರಿಕಾದಲ್ಲಿರೋ ನಮ್ಮೋರಿಗೆ ಮಾರ್ತೀರಾ? ಅಲ್ಲಿ ಅಕ್ಟೋಬರ್ 2024ರಿಂದ ಸುಳ್ಳು ರಿವ್ಯೂಗೆ ಗ್ರಾಹಕರ ಹಿತ ಕಾಯೋ ಸರ್ಕಾರಿ ಸಂಸ್ಥೆ ಎಫ್‌ಟಿಸಿಯದ್ದೇ ಪ್ರತ್ಯೇಕ ರೂಲ್ ಇದೆ.

ನಿಮ್ಮದೇ ಇನ್‌ಸ್ಟಾ, ಯೂಟ್ಯೂಬಲ್ಲಿ ಹೇಳೋದಾದ್ರೆ ಬೇರೆ ಲೆಕ್ಕ, ಅಲ್ಲಿ ಹೇಳಬಹುದು, ಆದ್ರೆ ಸಂಬಂಧ ಮೊದಲು ಹೇಳಿ. "ಇವರು ನನ್ನ ಫ್ರೆಂಡು, ಬಾಟ್ಲಿ ಫ್ರೀಯಾಗಿ ಕೊಟ್ರು, ನನ್ನ ಪುಡಿ ಬಗ್ಗೆ ಅವರೂ ವಿಡಿಯೋ ಮಾಡಿದಾರೆ", ಇಷ್ಟು ಸಾಕು, ಮೊದಲನೇ ಸಾಲಲ್ಲೇ. ಕೆಳಗೆ ಇಪ್ಪತ್ತು ಹ್ಯಾಶ್‌ಟ್ಯಾಗ್ ಮಧ್ಯೆ ತುರುಕಿದ್ರೆ ಹೇಳಿದಂಗಲ್ಲ. ವಿಡಿಯೋ ಕನ್ನಡದಲ್ಲಿದ್ರೆ ಇದೂ ಕನ್ನಡದಲ್ಲೇ ಇರ್ಲಿ, ಸರ್ಕಾರದ ಗೈಡ್‌ಲೈನ್ಸೂ ಅದನ್ನೇ ಹೇಳೋದು. ದಾರಿ ತಪ್ಪಿಸೋ ಜಾಹೀರಾತಿಗೆ ದಂಡ 10 ಲಕ್ಷದವರೆಗೂ ಹೋಗಬಹುದು, ಮತ್ತೆ ಮಾಡಿದ್ರೆ 50 ಲಕ್ಷ. ನಮ್ಮಂಥ ಚಿಲ್ಲರೆ ವ್ಯಾಪಾರದವರನ್ನ ಯಾರು ಹಿಡೀತಾರೆ ಅನ್ಬೇಡಿ, ನನ್ನನ್ನ ಹಿಡಿದಿದ್ದು ಸರ್ಕಾರ ಅಲ್ಲ, ಆ ಅಮ್ಮ.

ಇನ್ನು ಬಳಸೋ ವಿಷ್ಯ. ಆದಷ್ಟು ದುಡ್ಡು ಕೊಟ್ಟೇ ತಗೊಳ್ಳಿ, ತಿನ್ನೋದಾದ್ರೆ ಪ್ಯಾಕೆಟ್ ಖಾಲಿಯಾಗೋವರೆಗೂ ತಿನ್ನಿ, ಎಣ್ಣೆ ಸೋಪು ಆದ್ರೆ ಒಂದು ತಿಂಗಳಾದ್ರೂ ಹಚ್ಚಿ ನೋಡಿ, ಕೊನೇಲಿ ಹೆಂಗಾಗುತ್ತೆ ಅನ್ನೋದು ಮೊದಲ ದಿನದ ಅನ್‌ಬಾಕ್ಸಿಂಗಲ್ಲಿ ಗೊತ್ತಾಗಲ್ಲ. ಯಾರಿಗೆ ಆಗಿಬರಲ್ಲ ಅನ್ನೋದನ್ನೂ ಒಂದು ಸಾಲು ಬರೀರಿ. ಆ ಸಾಲು ಬರೆಯೋಕೆ ಕೈ ನಡುಗ್ತಿದ್ರೆ ನೀವು ಬರೀತಿರೋದು ಮುಯ್ಯಿನೇ. ಕೋರ್ಸ್, ಇ-ಬುಕ್ ಮಾರೋರದ್ದಂತೂ ಇನ್ನೊಂದು ಕಥೆ, ಲಾಂಚ್ ದಿನ ಹತ್ತು ಜನ ಒಬ್ರಿಗೊಬ್ರು "ಜೀವನ ಬದಲಾಯ್ತು" ಅಂತಾರೆ, ಲಿಂಕಲ್ಲಿ ಎಲ್ಲರಿಗೂ ಕಮಿಷನ್. ಪೂರ್ತಿ ನೋಡಿದೀರಾ, ಒಂದು ಸೇಲಿಗೆ ನಿಮಗೆ ಎಷ್ಟು ಬರುತ್ತೆ, ಇವೆರಡನ್ನ ಬಾಯಿಬಿಟ್ಟು ಹೇಳೋಕಾದ್ರೆ ಹೇಳಿ, ಇಲ್ಲಾಂದ್ರೆ ಸುಮ್ನಿರಿ.

ಇಲ್ಲ ಅನ್ನೋದೇ ಕಷ್ಟ, ದಾಕ್ಷಿಣ್ಯ ನೋಡಿ. ನಾನು ಕಳಿಸೋ ಮೆಸೇಜು ಇದು, ಬೇಕಿದ್ರೆ ಕಾಪಿ ಮಾಡ್ಕೊಳ್ಳಿ: "ಅಕ್ಕಾ, ಗುರುತಿರೋರಿಗೆ ನಾನು ಸ್ಟಾರ್ ಕೊಡಲ್ಲ, ನನ್ನ ಪುಡಿಗೂ ನೀವು ಕೊಡೋದು ಬೇಡ. ಬಳಸಿ ನೋಡಿ ಏನನ್ನಿಸ್ತು ಅಂತ ನಿಮಗೇ ಫೋನ್ ಮಾಡಿ ಹೇಳ್ತೀನಿ." ಆ ಮಧ್ಯದ ಮಾತು ಬಿಡ್ಬೇಡಿ, ನೀವೂ ಬೇಡ ಅಂದಾಗ್ಲೇ ಎದುರಿನೋರಿಗೆ ಬೇಜಾರಾಗಲ್ಲ.

ಹಂಗಾದ್ರೆ ರಿವ್ಯೂ ಎಲ್ಲಿಂದ ಬರ್ಬೇಕು ಅಂತೀರಾ? ಪಾರ್ಸೆಲ್ ತಲುಪಿ ಒಂದು ವಾರ ಬಿಟ್ಟು ಎಲ್ಲ ಗಿರಾಕಿಗೂ ಒಂದೇ ಮೆಸೇಜ್ ಹಾಕಿ, ಖುಷಿಯಾದವರಿಗೆ ಮಾತ್ರ ಅಲ್ಲ. ರಿವ್ಯೂ ಬರೆದ್ರೆ ಡಿಸ್ಕೌಂಟ್ ಅನ್ಬೇಡಿ, ಅದೂ ಲಂಚನೇ. ನಿಧಾನಕ್ಕೆ ಬರುತ್ತೆ, ನಂದಕ್ಕೆ ಮೊದಲು ಬಂದಿದ್ದೇ ತ್ರೀ ಸ್ಟಾರು, "ಉಪ್ಪು ಜಾಸ್ತಿ" ಅಂತ. ನಿಜಾನೇ, ಜಾಸ್ತಿ ಇತ್ತು.

ಹಳೇ ಸುಳ್ಳು ರಿವ್ಯೂಗಳನ್ನ ಹುಡುಕಿ ಅಳಿಸಿ, ಅಳಿಸೋಕೆ ಮುಂಚೆ ಅವರಿಗೊಂದು ಮಾತು ಹೇಳಿ. ಎಣ್ಣೆಯವರಿಗೆ ನಾನು ಹೇಳಿದ್ಮೇಲೆ ಎರಡು ದಿನ ಉತ್ತರನೇ ಇರ್ಲಿಲ್ಲ, ಮೂರನೇ ದಿನ ಒಂದು ಬಾಟ್ಲಿ ಬಂತು, ಮೇಲೆ ಚೀಟಿ: "ಹೊಸ ಬ್ಯಾಚು, ಈ ಸಲ ಮುಚ್ಚಳ ತೆಗೀರಿ."