ಪೆಟ್ರೋಲ್ ಎಂಜಿನ್ನಿಗೆ ಹೈಡ್ರೋಜನ್ ಕುಡಿಸುವುದು ಹೇಗೆ?

ಪ್ರತಿ ವರ್ಷ ಪ್ರಾಜೆಕ್ಟ್ ಸಮಯ ಬಂತೆಂದರೆ ನಮ್ಮ ಲ್ಯಾಬಿನಲ್ಲಿ ಒಂದಾದರೂ ಏರ್ ಫಿಲ್ಟರ್ ಸುಟ್ಟುಹೋಗುತ್ತದೆ. ಹುಡುಗರು ಹೈಡ್ರೋಜನ್ ಪೈಪನ್ನು ನೇರ ಕಾರ್ಬುರೇಟರ್ ಬಾಯಿಗೆ ಸಿಕ್ಕಿಸಿರುತ್ತಾರೆ. 'ಎಲ್‌ಪಿಜಿ ಆಟೋ ಓಡಲ್ವಾ ಸರ್' ಅಂತ ವಾದ ಬೇರೆ. ಲ್ಯಾಬಿನ ಸಿಂಗಲ್ ಸಿಲಿಂಡರ್ ಎಂಜಿನ್ನಿನಲ್ಲಿ ಇದನ್ನು ಮಾಡುವ ಕ್ರಮ ಹೇಳುತ್ತೇನೆ. ಮನೆಯ ಬೈಕಿನಲ್ಲಿ ಬೇಡ.

ಮೊದಲು ಜಾಗ. ಗ್ಯಾಸ್ ಸಿಲಿಂಡರ್ ಹೊರಗೆ ನೆರಳಿನಲ್ಲಿರಲಿ. ರೆಗ್ಯುಲೇಟರ್, ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್ (ಬೆಂಕಿ ಸಿಲಿಂಡರಿನತ್ತ ಹಿಂದಕ್ಕೆ ಓಡದಂತೆ ತಡೆಯುವ ಭಾಗ) ಹಾಕಿ, ಜಾಯಿಂಟುಗಳಿಗೆ ಸೋಪು ನೀರು ಹಚ್ಚಿ ನೋಡಿ. ಈ ಗ್ಯಾಸಿಗೆ ವಾಸನೆಯಿಲ್ಲ, ಉರಿದರೂ ಹಗಲಲ್ಲಿ ಕಣ್ಣಿಗೆ ಕಾಣುವುದಿಲ್ಲ. ಡಿಟೆಕ್ಟರ್ ಇಲ್ಲದೆ ಶುರು ಮಾಡಬೇಡಿ. ಸೋರಿದ್ದು ಮೇಲಕ್ಕೇ ಏರುವುದರಿಂದ ಗಾಳಿಕಿಂಡಿ ಚಾವಣಿ ಹತ್ತಿರ ಬೇಕು.

ಆಮೇಲೆ ಎಂಜಿನ್ನಿನ ಮೇಲ್ಮುಚ್ಚಳ, ಅಂದ್ರೆ ಹೆಡ್ ಬಿಚ್ಚಿ ಕಾರ್ಬನ್ ಕೆರೆದು ತೆಗೆಯಿರಿ. ಸ್ಪಾರ್ಕ್ ಪ್ಲಗ್ 'ಕೋಲ್ಡ್' ಜಾತಿಯದೇ, ಅಂದ್ರೆ ತುದಿ ಬೇಗ ತಣಿಯುವಂಥದ್ದೇ ಆಗಬೇಕು. ಪ್ಲಾಟಿನಂ ತುದಿಯದು ಬೇಡವೇ ಬೇಡ. ದುಬಾರಿ ಅಂದ್ರೆ ಒಳ್ಳೇದು ಅಂತ ಎಲ್ಲರೂ ಅದನ್ನೇ ತರುತ್ತಾರೆ. ಪ್ಲಾಟಿನಂ ಸೋಕಿದರೆ ಹೈಡ್ರೋಜನ್ ಕಿಡಿಗೆ ಕಾಯದೆಯೂ ಹೊತ್ತಿಕೊಳ್ಳಬಹುದು.

ಎಲ್ಲರೂ ಎಡವುವುದು ಇನ್ನು ಮುಂದೆ. ಪೆಟ್ರೋಲ್ ಹೊತ್ತಿಸಲು ಸುಮಾರು 0.24 ಮಿಲಿಜೂಲ್ ಕಿಡಿ ಬೇಕು. ಹೈಡ್ರೋಜನ್‌ಗೆ 0.02 ಸಾಕು. ಗಾಳಿಯಲ್ಲಿ ಶೇ 4ರಿಂದ 75ರವರೆಗೆ ಎಷ್ಟು ಬೆರೆತಿದ್ದರೂ ಹೊತ್ತುತ್ತದೆ. ಕಾದ ವಾಲ್ವ್, ಹಿಂದಿನ ಸುತ್ತಿನ ಬಿಸಿ ಹೊಗೆ, ಯಾವುದಾದರೂ ಆದೀತು. ಇನ್‌ಲೆಟ್ ವಾಲ್ವ್ ತೆರೆದಾಗ ಮ್ಯಾನಿಫೋಲ್ಡಿನಲ್ಲಿ (ಗಾಳಿಯನ್ನು ಎಂಜಿನ್ನಿಗೆ ತರುವ ಕೊಳವೆಯಲ್ಲಿ) ಗ್ಯಾಸ್ ತುಂಬಿದ್ದರೆ ಬೆಂಕಿ ಹಿಂದಕ್ಕೆ ಓಡಿ ಫಿಲ್ಟರ್ ಸುಡುತ್ತದೆ. ಹಾಗಾಗಿ ಮ್ಯಾನಿಫೋಲ್ಡಿನಲ್ಲಿ ಗ್ಯಾಸ್ ನಿಲ್ಲಲೇಬಾರದು. ಕಾರ್ಬುರೇಟರ್ ಬಿಟ್ಟು, ವಾಲ್ವಿಗೆ ತೀರಾ ಹತ್ತಿರ ಇಂಜೆಕ್ಟರ್ ಕೂರಿಸಿ. ಎಕ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ಚಲಿ. ಮೊದಲು ಬರೀ ಗಾಳಿ ಒಳಗೆ ಹೋಗಿ ಬಿಸಿ ಜಾಗಗಳನ್ನು ತಣಿಸಲಿ. ಪಿಸ್ಟನ್ ತುತ್ತತುದಿ ಬಿಟ್ಟು, ಎಂಜಿನ್ನಿನ ಕ್ರ್ಯಾಂಕ್ ದಂಡ 30 ಡಿಗ್ರಿಯಷ್ಟು ತಿರುಗಿದ ಮೇಲೇ ನಾನು ಇಂಜೆಕ್ಟರ್ ತೆರೆಸುವುದು. ಇನ್‌ಲೆಟ್ ಮುಚ್ಚುವ ಮುಂಚೆ ಅದು ನಿಂತಿರಬೇಕು. ಉಳಿದ ಗ್ಯಾಸನ್ನು ಕೊನೆಯ ಗಾಳಿ ಗುಡಿಸಿಕೊಂಡು ಒಳಗೆ ಹೋಗುತ್ತದೆ. ಮಜ್ದಾದ ಆರ್‌ಎಕ್ಸ್-8 ಹೈಡ್ರೋಜನ್ ಕಾರಿಗೆ ಈ ತಲೆನೋವು ಕಡಿಮೆ ಇತ್ತು. ಪಿಸ್ಟನ್ ಬದಲು ತಿರುಗುವ ರೋಟರ್ ಇರುವ ಅದರ ರೋಟರಿ ಎಂಜಿನ್ನಿನಲ್ಲಿ ಗಾಳಿ ಎಳೆಯುವ ಜಾಗ ಬೇರೆ, ಉರಿಯುವ ಜಾಗ ಬೇರೆ.

ಇಷ್ಟಾದರೂ 'ಢಬ್' ಅಂದರೆ ಪ್ಲಗ್ಗಿಗೆ ಕಿಡಿ ಕೊಡುವ ಮ್ಯಾಗ್ನೆಟೋ ನೋಡಿ. ಫೋರ್-ಸ್ಟ್ರೋಕ್ ಎಂಜಿನ್ನಿಗೆ ಎರಡು ಸುತ್ತಿಗೊಂದು ಕಿಡಿ ಸಾಕು, ಆದರೆ ಹಲವು ಸಣ್ಣ ಎಂಜಿನ್ನುಗಳಲ್ಲಿ ಪ್ರತಿ ಸುತ್ತಿಗೂ ಹಾರುತ್ತದೆ. ಹೊಗೆ ಹೊರಹೋಗುವ ಹೊತ್ತಿನ ಕಿಡಿ ಪೆಟ್ರೋಲಿಗೆ ಸುಮ್ನೆ ದಂಡ, ಇಲ್ಲಿ ಗೀರಿದ ಬೆಂಕಿಕಡ್ಡಿ. ಎರಡು ಸುತ್ತಿಗೊಂದೇ ಕಿಡಿ ಬರುವಂತೆ ಮಾಡಿ.

ಮಿಶ್ರಣ ತೆಳುವಾಗಿರಲಿ. ಲೆಕ್ಕಕ್ಕೆ 1 ಕೆ.ಜಿ. ಹೈಡ್ರೋಜನ್‌ಗೆ 34 ಕೆ.ಜಿ. ಗಾಳಿ ಸಾಕು. ನಾನು ಅದರ ಎರಡರಷ್ಟು ಕೊಡಿಸುತ್ತೇನೆ. ಪವರ್ ಇಳಿಯುತ್ತದೆ, ಇಳಿಯಲಿ. 'ಬರೀ ನೀರಾವಿ ಬರುತ್ತೆ' ಅನ್ನುವುದು ಅರ್ಧ ಸತ್ಯ. ಉರಿ ಜಾಸ್ತಿ ಬಿಸಿಯಾದರೆ ಗಾಳಿಯ ಸಾರಜನಕವೂ ಸುಟ್ಟು ನೈಟ್ರೋಜನ್ ಆಕ್ಸೈಡ್ ಆಗುತ್ತದೆ. ತೆಳು ಮಿಶ್ರಣದಲ್ಲಿ ಅದು ತೀರಾ ಕಡಿಮೆ.

ಬ್ಯಾಟರಿಯಿಂದ ನೀರು ಒಡೆದು ಹೈಡ್ರೋಜನ್ ತೆಗೆದು ಮೈಲೇಜ್ ಕೊಡುತ್ತೇವೆ ಎನ್ನುವ ಕಿಟ್ಟಿಗೆ ದುಡ್ಡು ಹಾಕಬೇಡಿ. ಆ ಕರೆಂಟು ಹುಟ್ಟುವುದೂ ನಿಮ್ಮ ಪೆಟ್ರೋಲಿನಿಂದಲೇ, ಅಲ್ವಾ?

ಪಿಸ್ಟನ್ ರಿಂಗ್ ದಾಟಿದ ಗ್ಯಾಸ್ ಕೆಳಗೆ, ಎಣ್ಣೆಯಿರುವ ಕ್ರ್ಯಾಂಕ್‌ಕೇಸಿನಲ್ಲಿ ಸೇರುತ್ತದೆ. ಅದರ ಗಾಳಿ ಬಿಡುವ ಬ್ರೀದರ್ ಪೈಪನ್ನು ಹೊರಗೆ ಬಿಡಿ, ಇನ್‌ಟೇಕಿಗೆ ಜೋಡಿಸಬೇಡಿ. ನಿಲ್ಲಿಸುವಾಗ ಕಿಡಿ ಆರಿಸಬೇಡಿ, ಗ್ಯಾಸ್ ಬಂದ್ ಮಾಡಿ. ಪೈಪಿನಲ್ಲಿ ಉಳಿದದ್ದು ಉರಿದು ಎಂಜಿನ್ ತಾನಾಗೇ ನಿಂತ ಮೇಲೆ ಸ್ವಿಚ್ ತೆಗೆಯಿರಿ.