ಫಾರ್ಮ್ಯಾಟ್ ಆದ ಡಿಸ್ಕಿನಲ್ಲಿ ಕೀಲಿ ಹುಡುಕಿದ್ದು

ಗೆಳೆಯರೊಬ್ಬರ ಕಂಪ್ಯೂಟರಿಗೆ ಯಾರೋ ವಿಂಡೋಸ್ ಅನ್ನು ಹೊಸದಾಗಿ ಹಾಕಿಕೊಟ್ಟಿದ್ದರು. ಸಿ ಡ್ರೈವ್ ಫಾರ್ಮ್ಯಾಟ್ ಆಗಿತ್ತು. ಡಿ ಡ್ರೈವಿನ ಫೈಲುಗಳು ಇದ್ದಲ್ಲೇ ಇದ್ದರೂ ಒಂದೂ ತೆರೆಯುತ್ತಿರಲಿಲ್ಲ. ಐಕಾನುಗಳ ಮೇಲೆ ಪುಟ್ಟ ಬೀಗದ ಗುರುತು. ಫೈಲುಗಳ ಒಡೆತನವನ್ನು ಹೊಸ ಖಾತೆಗೆ ಬದಲಾಯಿಸಿ ನೋಡಿದ್ದರಂತೆ, ಫಲವಿರಲಿಲ್ಲ. ಇರುವುದೂ ಇಲ್ಲ, ಏಕೆಂದರೆ ಇದು ಅನುಮತಿಯ ತೊಡಕಲ್ಲ, ವಿಂಡೋಸ್ 2000ದಿಂದ ಬಂದಿರುವ, ಕೀಲಿಯಿಲ್ಲದೆ ಫೈಲನ್ನು ಓದಲಾಗದಂತೆ ಮಾಡುವ ಇಎಫ್‌ಎಸ್ (ಎನ್‌ಕ್ರಿಪ್ಟಿಂಗ್ ಫೈಲ್ ಸಿಸ್ಟಮ್) ಗೂಢಲಿಪೀಕರಣ.

ಇಎಫ್‌ಎಸ್‌ನಲ್ಲಿ ಪ್ರತಿ ಫೈಲಿಗೂ ಅದರದೇ ಕೀಲಿ ಇರುತ್ತದೆ. ಅದನ್ನು ಬಿಚ್ಚಲು ಬೇಕಾದ ಖಾಸಗಿ ಕೀಲಿ ಸಿ ಡ್ರೈವಿನಲ್ಲಿ, ಬಳಕೆದಾರರ ಪ್ರೊಫೈಲಿನೊಳಗೆ ಇರುತ್ತದೆ. ಖಾಸಗಿ ಕೀಲಿಯನ್ನು ಮಾಸ್ಟರ್ ಕೀಲಿ ಕಾಯುತ್ತದೆ. ಮಾಸ್ಟರ್ ಕೀಲಿ ಒಲಿಯುವುದು ಹಳೆಯ ಲಾಗಿನ್ ಪಾಸ್‌ವರ್ಡ್ ಮತ್ತು ಹಳೆಯ ಖಾತೆಯ ಎಸ್‌ಐಡಿ (ವಿಂಡೋಸ್ ಪ್ರತಿ ಖಾತೆಗೂ ಕೊಡುವ ಗುರುತಿನ ಸಂಖ್ಯೆ) ಎರಡೂ ಸೇರಿದಾಗ ಮಾತ್ರ. ಅದೇ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟು ಹೊಸ ಖಾತೆ ತೆರೆದರೆ ಪ್ರಯೋಜನವಿಲ್ಲ, ಎಸ್‌ಐಡಿಯೇ ಬೇರೆ. ಹಾಗಾಗಿ ನಾನು ಡಿ ಡ್ರೈವನ್ನು ಮುಟ್ಟಲೇ ಇಲ್ಲ. ಹುಡುಕಾಟವೆಲ್ಲ ಸಿ ಡ್ರೈವಿನಲ್ಲಿ.

ಮೊದಲು ಕಂಪ್ಯೂಟರನ್ನು ಆಫ್ ಮಾಡಿದೆ. ಇಲ್ಲಿ ಅವಸರ ನಿಜಕ್ಕೂ ಅಗತ್ಯ. ಮಾಸ್ಟರ್ ಕೀಲಿಯ ಫೈಲು ಎಷ್ಟು ಚಿಕ್ಕದೆಂದರೆ ಸಾಮಾನ್ಯವಾಗಿ ವಿಂಡೋಸ್ ಡಿಸ್ಕಿನ ಫೈಲ್ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್‌ನ ಎಂಎಫ್‌ಟಿ (ಫೈಲುಗಳ ಪಟ್ಟಿ) ದಾಖಲೆಯೊಳಗೇ ಕುಳಿತಿರುತ್ತದೆ. ಕ್ವಿಕ್ ಫಾರ್ಮ್ಯಾಟ್ ಹಳೆಯ ದಾಖಲೆಗಳನ್ನೆಲ್ಲ ಅಳಿಸುವುದಿಲ್ಲ, ಆದರೆ ಹೊಸ ವಿಂಡೋಸ್ ಬರೆಯುವ ಒಂದೊಂದು ಫೈಲೂ ಅವುಗಳ ಮೇಲೆ ಕೂರಬಹುದು. ಇದು ಹಾರ್ಡ್ ಡಿಸ್ಕ್ ಆಗಿದ್ದದ್ದು ನಮ್ಮ ಪುಣ್ಯ. ಎಸ್‌ಎಸ್‌ಡಿ ಆಗಿದ್ದರೆ ಫಾರ್ಮ್ಯಾಟ್ ಜೊತೆಗೆ ಹೋಗುವ ಟ್ರಿಮ್ (ಬಳಕೆಯಲ್ಲಿಲ್ಲದ ಜಾಗವನ್ನು ತೆರವು ಮಾಡಿಸುವ) ಆದೇಶವೇ ಎಲ್ಲವನ್ನೂ ಒರೆಸಿಬಿಡುವ ಸಂಭವ ಹೆಚ್ಚು.

ಲಿನಕ್ಸ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಡಿಡಿರೆಸ್ಕ್ಯೂ ಎಂಬ ಪ್ರತಿ ತೆಗೆಯುವ ತಂತ್ರಾಂಶ ಬಳಸಿ ಇಡೀ ಡಿಸ್ಕಿನ ಪ್ರತಿಯನ್ನು ಇನ್ನೊಂದು ಡಿಸ್ಕಿಗೆ ತೆಗೆದೆ. ಮುಂದಿನ ಕೆಲಸವೆಲ್ಲ ಆ ಪ್ರತಿಯ ಮೇಲೆಯೇ. ಅಳಿದ ಫೈಲುಗಳನ್ನು ಹುಡುಕುವ ತಂತ್ರಾಂಶಕ್ಕೆ ಹಳೆಯ ಪ್ರೊಫೈಲಿನ ಚೂರುಗಳು ಸಿಕ್ಕವು. ನನಗೆ ಬೇಕಿದ್ದದ್ದು ಮೈಕ್ರೋಸಾಫ್ಟ್ ಫೋಲ್ಡರಿನ ಕೆಳಗಿನ ಮೂರು ಜಾಗಗಳು: ಮಾಸ್ಟರ್ ಕೀಲಿಯಿರುವ ಪ್ರೊಟೆಕ್ಟ್, ಖಾಸಗಿ ಕೀಲಿಯಿರುವ ಕ್ರಿಪ್ಟೋ, ಆ ಖಾಸಗಿ ಕೀಲಿಗೆ ಜೋಡಿಯಾದ ಪ್ರಮಾಣಪತ್ರವಿರುವ ಸಿಸ್ಟಮ್‌ಸರ್ಟಿಫಿಕೇಟ್ಸ್. ಪ್ರೊಟೆಕ್ಟ್ ಒಳಗಿನ ಫೋಲ್ಡರಿನ ಹೆಸರು ಎಸ್-1-5-21 ಎಂದು ಶುರುವಾಗುತ್ತಿತ್ತು. ಅದೇ ಹಳೆಯ ಎಸ್‌ಐಡಿ! ಅದನ್ನು ಕಂಡಾಗಲೇ ನನಗೆ ನಂಬಿಕೆ ಬಂದದ್ದು.

ಗೆಳೆಯರಿಗೆ ಹಳೆಯ ಪಾಸ್‌ವರ್ಡ್ ನೆನಪಿತ್ತು. ವಿಂಡೋಸ್ ಕೀಲಿಗಳನ್ನು ಬಿಚ್ಚಬಲ್ಲ ಮಿಮಿಕಾಟ್ಜ್ ತಂತ್ರಾಂಶಕ್ಕೆ ಪಾಸ್‌ವರ್ಡ್ ಮತ್ತು ಎಸ್‌ಐಡಿ ಕೊಟ್ಟು ಮಾಸ್ಟರ್ ಕೀಲಿಯನ್ನು ಬಿಚ್ಚಿದೆ, ಅದರಿಂದ ಖಾಸಗಿ ಕೀಲಿಯನ್ನು. ಪ್ರಮಾಣಪತ್ರದ ಜೊತೆ ಅದನ್ನು ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದಲ್ಲಿ ಹೊಂದಿಸಿ ಪಿಎಫ್‌ಎಕ್ಸ್ ಫೈಲು (ಕೀಲಿ, ಪ್ರಮಾಣಪತ್ರ ಎರಡೂ ಇರುವ ಒಂದೇ ಫೈಲು) ಮಾಡಿ ಹೊಸ ಖಾತೆಗೆ ಸೇರಿಸಿದೆ. ಫೈಲುಗಳು ತೆರೆದುಕೊಂಡವು.

ಒಂದು ಫೋಲ್ಡರ್ ಮಾತ್ರ ಮಣಿಯಲಿಲ್ಲ. ವಿಂಡೋಸ್‌ನ ಸೈಫರ್ ಆದೇಶಕ್ಕೆ /c ಆಯ್ಕೆ ಕೊಟ್ಟು ನೋಡಿದಾಗ ಅದರ ಪ್ರಮಾಣಪತ್ರದ ಬೆರಳಚ್ಚು (ಪ್ರಮಾಣಪತ್ರವನ್ನು ಗುರುತಿಸುವ ಸಂಖ್ಯೆ) ಬೇರೆಯೇ ಇತ್ತು. ಇನ್ನೂ ಹಳೆಯ ಖಾತೆಯೊಂದರದು. ಡಿಸ್ಕಿನ ಪ್ರತಿಯನ್ನು ಹಾಗೆಯೇ ಇಟ್ಟುಕೊಂಡು ಆ ಕೀಲಿಯನ್ನು ಈಗಲೂ ಹುಡುಕುತ್ತಿದ್ದೇನೆ.