ನೆರಳಲ್ಲಿ ಹಸಿರು ಬೇಲಿ: ಮೊದಲು ನೆರಳು ಅಳೆಯಿರಿ

ನಮ್ಮ ಬೆಂಗಳೂರಿನ ಮನೆಯ ಉತ್ತರದ ಕಾಂಪೌಂಡಿಗೆ ನಾನು ಮೊದಲು ನೆಟ್ಟಿದ್ದು ಹಳದಿ ಎಲೆಯ ಡುರಾಂಟಾ. ಮೇ ತಿಂಗಳಲ್ಲಿ ಅಲ್ಲಿ ಒಳ್ಳೇ ಬಿಸಿಲಿತ್ತು. ಡಿಸೆಂಬರ್ ಹೊತ್ತಿಗೆ ಹಳದಿ ಹೋಗಿ ಎಲೆ ಹಸಿರಾಯಿತು, ಕೆಳಗೆಲ್ಲ ಬರೀ ಕಡ್ಡಿ. ಅಮೆರಿಕ ಖಂಡಗಳ ಮೂಲದ, ಬಿಸಿಲು ಬೇಡುವ ಗಿಡ ಅದು. ಬೈದು ಏನು ಪ್ರಯೋಜನ?

ಹಂತ 1: ನೆರಳು ಅಳೆಯುವುದು. ಎಲ್ಲರೂ ಎಡವುವುದು ಇಲ್ಲೇ. ಒಂದು ಭಾನುವಾರ ಕಾಫಿ ಲೋಟ ಹಿಡಿದು ನಿಂತು, ‘ಬಿಸಿಲಿದೆ ಬಿಡು’ ಅಂದುಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ನಡುಹಗಲ ಸೂರ್ಯ ಏಪ್ರಿಲ್ 24ರ ಸುಮಾರಿಗೆ ನೆತ್ತಿ ದಾಟಿ ಉತ್ತರಕ್ಕೆ ವಾಲುತ್ತಾನೆ. ಆಗಸ್ಟ್ 18ರ ಸುಮಾರಿಗೆ ಮತ್ತೆ ದಕ್ಷಿಣಕ್ಕೆ. ಅಂದರೆ ಮನೆಯ ಉತ್ತರ ಬದಿಗೆ ಮಧ್ಯಾಹ್ನದ ಬಿಸಿಲು ಆ ನಾಲ್ಕು ತಿಂಗಳು ಮಾತ್ರ. ಹಾಗಾಗಿ ಡಿಸೆಂಬರಲ್ಲೂ ಒಮ್ಮೆ ನೋಡಿ, ಆಮೇಲೆ ದುಡ್ಡು ಬಿಚ್ಚಿ.

ನೋಡುವುದು ಸುಲಭ. ಗಿಡ ನೆಡುವ ಜಾಗದಲ್ಲಿ ಬಿಳಿ ಹಾಳೆ ಇಟ್ಟು, ಒಂದು ಗೇಣು ಮೇಲೆ ಕೈ ಹಿಡಿಯಿರಿ. ಬೆಳಿಗ್ಗೆ 8, ಮಧ್ಯಾಹ್ನ 12, ಸಂಜೆ 4. ಒಮ್ಮೆಯಾದರೂ ಬೆರಳುಗಳ ನೆರಳು ಬಿಡಿಬಿಡಿಯಾಗಿ ಬಿದ್ದರೆ ಅರೆನೆರಳು. ಮೂರೂ ಸಲ ಮಸುಕು ಮಸುಕಾಗಿ ಬಿದ್ದರೆ ಪೂರ್ತಿ ನೆರಳು. ಏನೂ ಬೀಳದಿದ್ದರೆ ಬೇಲಿಯ ಆಸೆ ಬಿಡಿ. ಬಿದಿರು ತಟ್ಟಿ ಕಟ್ಟಿ, ಮೆಣಸಿನ ಬಳ್ಳಿ ಹಬ್ಬಿಸಿ. ಕಾಳು ಸಿಗುತ್ತೆ ಅಂತ ಮಾತ್ರ ಕಾಯಬೇಡಿ.

ಹಂತ 2: ಗಿಡ. ಅರೆನೆರಳಿಗೆ ನನ್ನ ಆಯ್ಕೆ ಕಾಡುಕರಿಬೇವು. ನರ್ಸರಿಯಲ್ಲಿ ‘ಕಾಮಿನಿ’ ಎಂದು ಕೇಳಿ. ನಿಧಾನ ಬೆಳೆಯುತ್ತದೆ, ಆದರೆ ಎಲೆ ಒತ್ತೊತ್ತು, ಹೂವಿನ ಪರಿಮಳ ಬೇರೆ. ಸೊಂಟದೆತ್ತರ ಸಾಕು ಅಂದರೆ ಸ್ಫಟಿಕದ ಹೂಗಿಡ. ಪೂರ್ತಿ ನೆರಳಿಗೆ ಕೇಪಳ. ಹೂ ಕಮ್ಮಿ, ಎಲೆಗೆ ಮೋಸವಿಲ್ಲ. ಇದರ ಇಂಗ್ಲಿಷ್ ಹೆಸರು ಹೇಳಿ ‘ಇಕ್ಸೋರಾ’ ಅಂತ ಕೇಳಿದರೆ ಸಣ್ಣ ಎಲೆಯ ಕುಳ್ಳ ಜಾತಿ ಕೊಟ್ಟು ಕಳಿಸುತ್ತಾರೆ, ಅದಕ್ಕೆ ಬಿಸಿಲೇ ಬೇಕು. ಆಡು, ದನ ನುಗ್ಗುವ ಕಡೆ ಆಡುಸೋಗೆ. ಹೆಸರಲ್ಲಿ ಆಡಿದ್ದರೂ ಆಡು ಬಾಯಿ ಹಾಕುವುದಿಲ್ಲ! ದುಡ್ಡೂ ಬೇಡ, ಪರಿಚಯದವರ ಬೇಲಿಯಿಂದ ಪೆನ್ಸಿಲ್ ದಪ್ಪದ ಕಡ್ಡಿ ತಂದು, ಎರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ಊರಿದರೆ ಸಾಕು.

ಹಂತ 3: ಜೂನ್ ಮಳೆಗೆ ನೆಡಿ, ಒಂದೂವರೆ ಅಡಿಗೊಂದು.

ಬಿಸಿಲಲ್ಲಿ ಬೆಳೆದ ನರ್ಸರಿ ಗಿಡ ನೇರ ನೆರಳಿಗೆ ಬಂದರೆ ಎಲೆ ಉದುರಿಸೀತು. ಆಗ ಯೂರಿಯಾ ಸುರಿಯಬೇಡಿ, ಗಿಡ ಇನ್ನೂ ಸೊರಗಿ ಉದ್ದವಾಗುತ್ತದೆ. ಅಂಗಡಿಯವರು ದಾಟಿಸುವ ‘ಗ್ರೋತ್ ಬೂಸ್ಟರ್’ ಬಾಟಲಿಯೂ ಸುಮ್ನೆ ದಂಡ. ನೀರು ಹಿಡಿತದಲ್ಲಿ ಹಾಕಿ, ನೆರಳಲ್ಲಿ ಮಣ್ಣು ಬೇಗ ಒಣಗಲ್ಲ.

ಹಂತ 4: ಕತ್ತರಿ. ಗಿಡ ಮೊಣಕಾಲೆತ್ತರ ಬಂದ ಕೂಡಲೇ ತುದಿ ಚಿವುಟಿ. ಇದಕ್ಕೆ ಜನರ ಕೈಯೇ ಬರಲ್ಲ, ಆಮೇಲೆ ಬುಡ ಬೋಳು ಅಂತ ಗೊಣಗುತ್ತಾರೆ. ಬೇಲಿಯ ತಲೆ ಕಿರಿದು, ಬುಡ ಅಗಲ ಇರುವಂತೆ ಕತ್ತರಿಸಿ. ಇಲ್ಲದಿದ್ದರೆ ಇರುವ ಅಷ್ಟಿಷ್ಟು ಬೆಳಕೂ ಕೆಳಗಿನ ಎಲೆಗೆ ತಲುಪುವುದಿಲ್ಲ.